ಸ್ಟೆಫಾನುಸ್ ಪ್ಲೇಟೊ, ಎರಡನೇ ಸಂಪುಟ: ಹರಿದ 513ನೇ ಪುಟದಿಂದ ಬಿಟ್ಟುಹೋದ ಬೆನ್ನಿನವರೆಗೆ

ಪ್ಲೇಟೊನ ಮಾತನ್ನು ಯಾವ ಭಾಷೆಯಲ್ಲಿ ಎತ್ತಿ ಹೇಳಿದರೂ ಪಕ್ಕದಲ್ಲಿ 327ಎ, 514ಬಿ ಅಂತ ಒಂದು ಗುರುತು ಬೀಳುತ್ತದೆ. ಅದು 1578ರಲ್ಲಿ ಆನ್ರಿ ಎಸ್ಟಿಯೆನ್ ಜಿನೀವಾದಲ್ಲಿ ಅಚ್ಚು ಹಾಕಿದ ಮೂರು ಸಂಪುಟಗಳ ಪುಟಸಂಖ್ಯೆ. ಲ್ಯಾಟಿನ್‌ನಲ್ಲಿ ಅವನು ಸ್ಟೆಫಾನುಸ್, ಹಾಗಾಗಿ ಇದು ಸ್ಟೆಫಾನುಸ್ ಸಂಖ್ಯೆ. ಪುಟಕ್ಕೆ ಎರಡು ಅಂಕಣ: ಒಂದರಲ್ಲಿ ಗ್ರೀಕ್ ಮೂಲ, ಇನ್ನೊಂದರಲ್ಲಿ ಸೆರ್ರಾನುಸ್ ಎಂದು ಹೆಸರಾದ ಜಾನ್ ದ ಸೆರ್ ಮಾಡಿದ ಲ್ಯಾಟಿನ್ ಅನುವಾದ. ಎರಡರ ನಡುವಿನ ಸಂದಿಯಲ್ಲಿ ಎ, ಬಿ, ಸಿ, ಡಿ, ಇ ಎಂದು ಅಕ್ಷರಗಳು ಇಳಿದು ಬರುತ್ತವೆ. ಆ ಸಂದಿ ಹರಿದರೆ ಹೋಗುವುದು ಬರೀ ಕಾಗದವಲ್ಲ, ನಾಲ್ಕೂವರೆ ಶತಮಾನದಿಂದ ಎಲ್ಲರೂ ಬಳಸುತ್ತಿರುವ ವಿಳಾಸ.

ಮೇಜಿಗೆ ಬಂದಿರುವುದು ಎರಡನೇ ಸಂಪುಟ. ‘ರಿಪಬ್ಲಿಕ್’, ‘ಲಾಸ್’ ಎರಡೂ ಇದರಲ್ಲೇ ಇವೆ, ಮೂಲ ಪಠ್ಯ 992ನೇ ಪುಟಕ್ಕೆ ಮುಗಿಯುತ್ತದೆ. ಎತ್ತರ 355 ಮಿ.ಮೀ., ಅಗಲ 225, ದಪ್ಪ 72, ತೂಕ 4.4 ಕೆ.ಜಿ. ಕರುವಿನ ತೊಗಲಿನ ಬೈಂಡಿಂಗ್, ಬೆನ್ನಿನ ಮೇಲೆ ಐದು ಉಬ್ಬು ಹುರಿ. ಮುಂದಿನ ರಟ್ಟು ಪೂರ್ತಿ ಕಳಚಿದೆ, ಹಿಂದಿನದು ಎರಡು ಹುರಿಯ ಮೇಲೆ ನೇತಾಡುತ್ತಿದೆ. ಬೆನ್ನಿನ ತೊಗಲು ಮುಟ್ಟಿದರೆ ಕೆಂಪು ಪುಡಿ ಉದುರುತ್ತದೆ. ಮೊದಲ ಏಳು ಫಾರಂಗಳ (ಒಂದರೊಳಗೊಂದು ಮಡಿಸಿ ಹೊಲಿದ ಹಾಳೆಗಳ ಕಟ್ಟುಗಳ) ಹೊರಹಾಳೆಗಳು ಮಡಿಕೆಯಲ್ಲಿ ಸೀಳಿವೆ. ಕೆಳಗಿನ ಅಂಚಿನಿಂದ ಒಂದು ಹಳೇ ನೀರಿನ ಕಲೆ ಸುಮಾರು 60 ಮಿ.ಮೀ. ಮೇಲೆ ಹತ್ತಿದೆ. ‘ಲಾಸ್’ ಭಾಗದಲ್ಲಿ ಹುಳು ಕೊರೆದ ಒಂದು ಓಣಿ. 513–514ರ ಎಲೆ ಕೆಳಗಿನಿಂದ ಹರಿದು ಅಚ್ಚಿನೊಳಗೆ ನುಗ್ಗಿದೆ. ಇವೆಲ್ಲದರ ಜೊತೆಗೆ ಮುಂದಿನ ರಟ್ಟಿನ ಒಳಸಂದಿಗೆ ಹಿಂದೆ ಯಾರೋ ಧಾರಾಳವಾಗಿ ಸುರಿದ ಬಿಳಿ ಅಂಟು.

ಇಂಥ ಕೆಲಸಕ್ಕೆ ಒಂದೇ ಅಳತೆಗೋಲು: ಹಾಕುವ ತೇಪೆ ಹಾಳೆಗಿಂತ ಬಲಹೀನವಾಗಿರಬೇಕು. ಮುಂದೆ ಯಾರಾದರೂ ಪುಸ್ತಕವನ್ನು ಒರಟಾಗಿ ತೆರೆದರೆ ಮೊದಲು ಬಿಡಬೇಕಾದ್ದು ತೇಪೆ, ಹಾಳೆಯಲ್ಲ. ಆ ಬಿಳಿ ಅಂಟು ತಪ್ಪಿದ್ದು ಇಲ್ಲೇ. ಅಂಟು ಗಟ್ಟಿಯಾಗಿ ನಿಂತಿತು, ಅದರ ಪಕ್ಕದಲ್ಲಿದ್ದ ಕಾಗದ ಸೀಳಿತು.

ಎಣಿಕೆ

ಕತ್ತರಿ, ಕುಂಚ ಮುಟ್ಟುವ ಮೊದಲು ಎಲ್ಲ ಎಲೆಗಳೂ ಇವೆಯೇ ಎಂದು ನೋಡಬೇಕು. ಈ ಪುಸ್ತಕದಲ್ಲಿ ಆ ಕೆಲಸ ಸುಲಭ, ಯಾಕೆಂದರೆ ಯಾವುದೇ ಹೊಸ ಪ್ಲೇಟೊ ಆವೃತ್ತಿಯ ಅಂಚಿನಲ್ಲಿ ಇದರ ನಕ್ಷೆ ಸಿಗುತ್ತದೆ. ಆದರೆ ಒಂದು ಹಳ್ಳ ಇದೆ. ಹೊಸ ಆವೃತ್ತಿಯ ಅಂಚನ್ನೇ ನಂಬಿ ಹೊರಟರೆ ಪುಟಗಳು ಕಳೆದುಹೋಗಿವೆ ಅನ್ನಿಸುತ್ತದೆ. ‘ಫಿಲೇಬಸ್’ 67ಕ್ಕೆ ಮುಗಿದು ‘ಮೆನೊ’ 70ಕ್ಕೆ ಶುರುವಾಗುತ್ತದೆ. ‘ಮಿನೋಸ್’ 321ಕ್ಕೆ ಮುಗಿದರೆ ‘ರಿಪಬ್ಲಿಕ್’ ತೆರೆಯುವುದು 327ಕ್ಕೆ. ‘ರಿಪಬ್ಲಿಕ್’ನ ಒಳಗೂ ಹಾಗೇ: ಒಂದನೇ ಭಾಗದ ಕೊನೆ 354, ಎರಡನೆಯದರ ಮೊದಲು 357, ಆರನೆಯದು 511ಕ್ಕೆ ಮುಗಿದು ಏಳನೆಯದು 514ಕ್ಕೆ. ನಡುವಿನ ಪುಟಗಳು ಎಲ್ಲೂ ಹೋಗಿಲ್ಲ. ಅಲ್ಲಿ ಸೆರ್ರಾನುಸ್ ಬರೆದ ಲ್ಯಾಟಿನ್ ಪೀಠಿಕೆಗಳಿವೆ. ಹೊಸ ಆವೃತ್ತಿಗಳು ಅವನ್ನು ಬಿಟ್ಟಿವೆ, ಸಂಖ್ಯೆಯನ್ನು ಮಾತ್ರ ಉಳಿಸಿಕೊಂಡಿವೆ. ಈ ತಿಳಿವಳಿಕೆ ಇಲ್ಲದೆ ‘ಅಪೂರ್ಣ ಪ್ರತಿ’ ಎಂದು ಷರಾ ಬರೆದರೆ ಪುಸ್ತಕಕ್ಕೆ ಅನ್ಯಾಯ.

ಇನ್ನೊಂದು ಎಚ್ಚರ: ಪ್ರತಿ ಸಂಪುಟಕ್ಕೂ ಸಂಖ್ಯೆ ಹೊಸದಾಗಿ ಶುರುವಾಗುತ್ತದೆ. 17ನೇ ಪುಟ ಒಂದನೇ ಸಂಪುಟದಲ್ಲಿ ‘ಅಪಾಲಜಿ’, ಮೂರನೆಯದರಲ್ಲಿ ‘ಟಿಮೇಯಸ್’. ಬಿಡಿ ಎಲೆ ಸಿಕ್ಕಾಗ ಬರೀ ಸಂಖ್ಯೆ ನೋಡಿ ಸಂಪುಟ ತೀರ್ಮಾನಿಸಬಾರದು, ಪುಟದ ತಲೆಬರಹವನ್ನೂ ಓದಬೇಕು. ಅರ್ಪಣೆಗಳೂ ಬೇರೆ ಬೇರೆ: ಒಂದನೆಯದು ಇಂಗ್ಲೆಂಡಿನ ರಾಣಿ ಎಲಿಜಬೆತ್‌ಗೆ, ಎರಡನೆಯದು ಸ್ಕಾಟ್ಲೆಂಡಿನ ಆರನೇ ಜೇಮ್ಸ್‌ಗೆ, ಮೂರನೆಯದು ಬರ್ನ್ ಗಣರಾಜ್ಯಕ್ಕೆ. ಮೂರು ಸಂಪುಟವನ್ನು ಒಟ್ಟಿಗೆ ಬಿಚ್ಚಿ ಹೊಲಿಯುವಾಗ ಮೊದಲ ಕೆಲವು ಎಲೆಗಳು ಅದಲು ಬದಲಾಗಬಹುದು. ಇಲ್ಲಿ ಜೇಮ್ಸ್‌ನ ಅರ್ಪಣೆಯೇ ಇದೆ, ಸರಿಯಾಗಿದೆ. ಶೀರ್ಷಿಕೆ ಪುಟದಲ್ಲಿ ಊರಿನ ಹೆಸರು ಕಾಣದಿದ್ದರೆ ಕತ್ತರಿಸಿದ್ದಾರೆ ಎಂದು ಗಾಬರಿಯಾಗಬೇಡಿ. ಅಲ್ಲಿ ಮುದ್ರಕನ ಹೆಸರು, ಇಸವಿ, ಆಲಿವ್ ಮರದ ಲಾಂಛನ ಇವೆ. ಜಿನೀವಾ ಎಂದು ಅವನು ಅಚ್ಚು ಹಾಕಿಲ್ಲ.

ಎಣಿಕೆ ಎರಡು ಸಲ. ಮೊದಲ ಸಲ ಪುಟಸಂಖ್ಯೆ ಹಿಡಿದು, ಎರಡನೇ ಸಲ ಎಲೆಯ ಕೆಳಗಿರುವ ಫಾರಂ ಅಕ್ಷರ ಹಿಡಿದು. ಆ ಕಾಲದ ಅಚ್ಚಿನಲ್ಲಿ ಪುಟಸಂಖ್ಯೆ ತಪ್ಪುವುದು ಸಾಮಾನ್ಯ, ಒಂದನ್ನೇ ನಂಬಿದರೆ ಮೋಸ ಹೋಗುತ್ತೀರಿ. ಪುಟದ ಕೊನೆಯಲ್ಲಿ ಮುಂದಿನ ಪುಟದ ಮೊದಲ ಪದವನ್ನೂ ಕೊಟ್ಟಿರುತ್ತಾರೆ, ಅನುಮಾನ ಬಂದಲ್ಲಿ ಅದನ್ನು ತಾಳೆ ನೋಡಿದರೆ ಸಾಕು. ಈ ಪ್ರತಿಯಲ್ಲಿ ಫಾರಂಗೆ ಮೂರು ಹಾಳೆ ಒಂದರೊಳಗೊಂದು, ಅಂದರೆ ಆರು ಎಲೆ, 12 ಪುಟ. ಪಠ್ಯದ ಎಲೆಗಳೆಲ್ಲ ಇವೆ.

ಕೊಳೆಯೋ, ಸ್ವರಚಿಹ್ನೆಯೋ

ಈ ಅಚ್ಚಿನ ಗ್ರೀಕ್ ಅಕ್ಷರಕ್ಕೆ ‘ದೊರೆಯ ಗ್ರೀಕ್’ ಎಂದೇ ಹೆಸರು. ಫ್ರಾನ್ಸಿನ ಒಂದನೇ ಫ್ರಾನ್ಸ್ವಾ ದೊರೆಗಾಗಿ ಕ್ಲೋದ್ ಗಾರಮೊಂ 1540ರ ದಶಕದಲ್ಲಿ ಕೊರೆದದ್ದು. ಮಾದರಿ, ಆಂಜೆಲೊಸ್ ವರ್ಗಿಕಿಯೊಸ್ ಎಂಬ ಕ್ರೀಟ್ ದ್ವೀಪದ ಲಿಪಿಕಾರನ ಕೈಬರಹ. ಕೈಬರಹದಂತೆ ಕಾಣಲಿ ಎಂದು ಎರಡು ಮೂರು ಅಕ್ಷರಗಳನ್ನು ಹೆಣೆದು ಒಂದೇ ಅಚ್ಚು ಮಾಡಿದ ನೂರಾರು ಮೊಳೆಗಳು ಇದರಲ್ಲಿವೆ. ಕನ್ನಡದ ಮೊಳೆ ಜೋಡಿಸಿ ಗೊತ್ತಿದ್ದವರಿಗೆ ಇದನ್ನು ವಿವರಿಸಬೇಕಿಲ್ಲ: ಗುಣಿತ, ಒತ್ತು ಎಲ್ಲಕ್ಕೂ ಬೇರೆ ಬೇರೆ ಮನೆ ಇರುವ ಕೇಸು ಕಣ್ಣ ಮುಂದೆ ತಂದುಕೊಳ್ಳಿ, ಅಷ್ಟೇ.

ರಿಪೇರಿಗೂ ಇದಕ್ಕೂ ಏನು ಸಂಬಂಧ ಅಂದರೆ, ಗ್ರೀಕ್ ಸ್ವರಗಳ ತಲೆಯ ಮೇಲೆ ಉಸಿರಿನ ಗುರುತು, ಸ್ವರಾಘಾತದ ಗುರುತು ಇರುತ್ತವೆ. ಅರ್ಧ ಮಿ.ಮೀ. ಕೂಡ ಇಲ್ಲದ ಚುಕ್ಕೆಗಳು. ನೊಣದ ಹಿಕ್ಕೆಯೂ ಅಷ್ಟೇ ದೊಡ್ಡದು, ಬಣ್ಣವೂ ಅದೇ. 514ರ ಮೊದಲ ವಾಕ್ಯದಲ್ಲಿ ‘ಟೊಯೂಟೋ’ ಎಂಬ ಪದ ಬರುತ್ತದೆ. ಅದರ ಕೊನೆಯ ‘ಓ’ ಕೆಳಗೆ ನಮ್ಮ ಒತ್ತಕ್ಷರದಂತೆ ಒಂದು ಪುಟ್ಟ ಗೀಟು ನೇತಾಡಬೇಕು. ಈ ಪ್ರತಿಯಲ್ಲಿ ಆ ಗೀಟಿನ ಪಕ್ಕದಲ್ಲೇ ಒಂದು ಹಿಕ್ಕೆ ಕುಳಿತಿತ್ತು. ಬರಿಗಣ್ಣಿಗೆ ಎರಡೂ ಒಂದೇ. ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿಯಲ್ಲಿ, ಬೆಳಕನ್ನು ಪಕ್ಕದಿಂದ ತೀರಾ ತಗ್ಗಾಗಿ ಹಾಯಿಸಿದರೆ ವ್ಯತ್ಯಾಸ ಗೊತ್ತಾಗುತ್ತದೆ: ಅಚ್ಚಿನ ಗೀಟು ಕಾಗದದೊಳಗೆ ಇಳಿದಿರುತ್ತದೆ, ಹಿಕ್ಕೆ ಮೇಲೆ ಗುಬ್ಬಿಯಾಗಿ ನಿಂತು ನೆರಳು ಬೀಳಿಸುತ್ತದೆ. ತೆಗೆಯಲು ಮೊಂಡಾದ ಸ್ಕಾಲ್ಪೆಲ್ ತುದಿಯಿಂದ ಪಕ್ಕಕ್ಕೆ ತಳ್ಳಬೇಕು, ಕೆರೆಯಬಾರದು. ಅನುಮಾನವಿದ್ದರೆ ಹೊಸ ಆವೃತ್ತಿಯಲ್ಲಿ ಅದೇ ಸಾಲು ತೆಗೆದು ನೋಡಿ. ಆಗಲೂ ತೀರ್ಮಾನವಾಗದಿದ್ದರೆ ಬಿಟ್ಟುಬಿಡಿ. ಹಿಕ್ಕೆ ಉಳಿದರೆ ನಷ್ಟವಿಲ್ಲ.

ಉಳಿದ ಶುಚಿ ಕೆಲಸ ಮಾಮೂಲಿ. ಮೇಕೆ ಕೂದಲಿನ ಅಗಲ ಕುಂಚದಿಂದ ಮಡಿಕೆಯಿಂದ ಹೊರಕ್ಕೆ ಗುಡಿಸುವುದು. ಅಂಚುಗಳಿಗೆ ಹೊಗೆಮಸಿ ಒರೆಸುವ ರಬ್ಬರ್ ಸ್ಪಂಜನ್ನು 30 ಮಿ.ಮೀ. ಘನಗಳಾಗಿ ಕೊಯ್ದು, ಒಂದೇ ದಿಕ್ಕಿನಲ್ಲಿ ಒತ್ತಿ ಎತ್ತುವುದು. ಮುಖ ಕಪ್ಪಾದ ಕೂಡಲೇ ಕೊಯ್ದು ಹೊಸ ಮುಖ ತೆಗೆಯಿರಿ, ಇಲ್ಲದಿದ್ದರೆ ಈ ಪುಟದ ಮಸಿ ಮುಂದಿನ ಪುಟಕ್ಕೆ. ರಬ್ಬರ್ ಪುಡಿ ಉದುರಿಸಿ ಉಜ್ಜುವ ಪದ್ಧತಿ ಇಲ್ಲಿ ಬೇಡ, ಪುಡಿ ಅಚ್ಚಿನ ತಗ್ಗಿನಲ್ಲಿ ಕೂತರೆ ಹೊರಬರುವುದಿಲ್ಲ. ಬೂಷ್ಟಿನ ವಾಸನೆ ಬಂದರೆ ಎನ್95 ಮುಖಗವಸು, ಹೆಪಾ ಫಿಲ್ಟರಿನ ವ್ಯಾಕ್ಯೂಮ್, ಕೊಳವೆಯ ಬಾಯಿಗೆ ಜಾಲರಿ.

ನೀರಿನ ಕಲೆಯನ್ನು ತೊಳೆಯುವ ಪ್ರಶ್ನೆ ಬಂತು. ಉತ್ತರ: ಇಲ್ಲ. ತೊಳೆಯಬೇಕಾದರೆ ಹೊಲಿಗೆ ಬಿಚ್ಚಬೇಕು, ಈ ಸಂಪುಟದ ಹೊಲಿಗೆ ಮಧ್ಯಭಾಗದಲ್ಲಿ ಇನ್ನೂ ಗಟ್ಟಿಯಾಗಿದೆ. ಜೊತೆಗೆ ಚಿಂದಿಬಟ್ಟೆಯ ಈ ಕಾಗದಕ್ಕೆ ಜೆಲಟಿನ್ ಕೊಟ್ಟಿದ್ದಾರೆ, ನೇಕಾರರು ನೂಲಿಗೆ ಗಂಜಿ ಕೊಡುವ ಹಾಗೆ. ಹಾಳೆ ತಿರುವಿದಾಗ ಗರಗರ ಸದ್ದು ಬರುವುದು ಅದರಿಂದಲೇ. ತೊಳೆದರೆ ಆ ಸದ್ದಿನ ಜೊತೆಗೆ ಬಿಗಿಯೂ ಹೋಗುತ್ತದೆ, ಒತ್ತಿ ಒಣಗಿಸಿದರೆ ಅಚ್ಚಿನ ತಗ್ಗು ಚಪ್ಪಟೆಯಾಗುತ್ತದೆ.

ಅಂಚಿನ ಕೈಬರಹ

‘ರಿಪಬ್ಲಿಕ್’ನ ಅಂಚಿನಲ್ಲಿ ಯಾರೋ ಹಳಬರು ಕಂದು ಮಸಿಯಲ್ಲಿ ಟಿಪ್ಪಣಿ ಬರೆದಿದ್ದಾರೆ. ಕಬ್ಬಿಣದ ಲವಣ ಮತ್ತು ಮಾಚಿಕಾಯಿ ಸೇರಿಸಿ ಮಾಡುವ ಮಸಿ. ಎರಡು ಕಡೆ ಅಕ್ಷರದ ಸುತ್ತ ಕಂದು ಹೊಗೆಯಂತೆ ಹಬ್ಬಿದೆ, ಎಲೆಯ ಹಿಂಬದಿಯಲ್ಲೂ ಕಾಣುತ್ತದೆ. ಇಂಥ ಮಸಿಯಲ್ಲಿ ಹೆಚ್ಚುವರಿ ಕಬ್ಬಿಣದ ಅಯಾನು ಉಳಿದಿದ್ದರೆ ತೇವ ತಾಗಿದೊಡನೆ ಪಕ್ಕಕ್ಕೆ ಹರಿದು, ತಲುಪಿದಲ್ಲೆಲ್ಲ ಕಾಗದವನ್ನು ಸುಡುತ್ತದೆ. ಗೊತ್ತುಮಾಡಿಕೊಳ್ಳಲು ಬ್ಯಾಥೊಫೆನಾಂತ್ರೊಲಿನ್ ಪಟ್ಟಿ ಇದೆ. 3 ಮಿ.ಮೀ. ಅಗಲಕ್ಕೆ ಕತ್ತರಿಸಿ, ಶುದ್ಧ ನೀರಲ್ಲಿ ಅದ್ದಿ, ಒತ್ತುಕಾಗದದಲ್ಲಿ ನೀರನ್ನು ಚೆನ್ನಾಗಿ ಹೀರಿಸಿ, ಮಸಿಯ ಮೇಲೆ 30 ಸೆಕೆಂಡು ಒತ್ತಿ ಹಿಡಿಯುವುದು. ಪಟ್ಟಿ ಗುಲಾಬಿ-ನೇರಳೆ ಬಣ್ಣಕ್ಕೆ ತಿರುಗಿದರೆ ಕಬ್ಬಿಣ ಇದೆ. ಎರಡೂ ಕಡೆ ತಿರುಗಿತು.

ಹಾಗಾಗಿ ಆ ಎಲೆಗಳ ಹತ್ತಿರ ನೀರಿನ ಅಂಟು ನಿಷಿದ್ಧ. ಅಲ್ಲಿಗೆ ಬೇರೆ ಪಟ್ಟಿ: 100 ಮಿ.ಲೀ. ನೀರಿಗೆ 3 ಗ್ರಾಂ ಬಿ ಬಗೆಯ ಜೆಲಟಿನ್, ಅರ್ಧ ಗಂಟೆ ನೆನೆಸಿ, 45–50 ಡಿಗ್ರಿಗೆ ಬಿಸಿ ಮಾಡಿ ಕರಗಿಸಿ, ಪಾಲಿಯೆಸ್ಟರ್ ಹಾಳೆಯ ಮೇಲೆ ಕುಂಚದಲ್ಲಿ ತೆಳ್ಳಗೆ ಬಳಿದು, ಮೇಲೆ 5 ಗ್ರಾಂ ತೂಕದ ಜಪಾನಿ ಟಿಶ್ಯೂ ಹಾಸಿ ಒಣಗಿಸಿಡುವುದು. (ಟಿಶ್ಯೂ ತೂಕ ಅಂದರೆ ಚದರ ಮೀಟರಿಗೆ ಎಷ್ಟು ಗ್ರಾಂ ಎಂದು.) ಬೇಕಾದಾಗ ಸಣ್ಣ ತುಂಡು ಕತ್ತರಿಸಿ, ಒದ್ದೆ ಸ್ಪಂಜಿನ ಮೇಲೆ ಹಾಸಿದ ಫಿಲ್ಟರ್ ಕಾಗದಕ್ಕೆ ಎರಡು ಮೂರು ಸೆಕೆಂಡು ಮುಟ್ಟಿಸಿದರೆ ಅಂಟು ಜೀವ ಪಡೆಯುತ್ತದೆ, ಹಾಳೆಗೆ ಹೋಗುವ ನೀರು ತೀರಾ ಕಡಿಮೆ. ಹೆಚ್ಚು ಹೊತ್ತು ಇಟ್ಟರೆ ಜೆಲಟಿನ್ ಫಿಲ್ಟರ್ ಕಾಗದದಲ್ಲೇ ಉಳಿದು ಬರೀ ಟಿಶ್ಯೂ ಕೈಗೆ ಬರುತ್ತದೆ. ಬಿರುಕು ಬಿಟ್ಟ ನಾಲ್ಕು ಅಕ್ಷರಗಳಿಗೆ ಹಿಂಬದಿಯಿಂದ ಇದನ್ನು ಹಾಕಿದ್ದಾಯಿತು.

ಗೋಧಿ ಹಾಲು

ಉಳಿದೆಲ್ಲ ಕಡೆಗೆ ಗೋಧಿ ಪಿಷ್ಟದ ಅಂಟು. ಹಾಲುಬಾಯಿಗೋ ಸಂಡಿಗೆಗೋ ಗೋಧಿ ನೆನೆಸಿ ರುಬ್ಬಿ ಹಿಂಡಿದ ಹಾಲು ತಳದಲ್ಲಿ ಬೆಳ್ಳಗೆ ಕೂರುತ್ತದಲ್ಲ, ಅದೇ ಪಿಷ್ಟ. ಮೈದಾ ಅಲ್ಲ. ಮೈದಾದಲ್ಲಿ ಗ್ಲೂಟೆನ್ ಇರುತ್ತದೆ. ಒಣಗಿ ಬಿರುಸಾಗುತ್ತದೆ, ಹಳದಿಯಾಗುತ್ತದೆ, ಮತ್ತೆ ಬಿಡಿಸುವಾಗ ತೊಂದರೆ ಕೊಡುತ್ತದೆ. ನಮ್ಮ ಕಡೆ ಬೈಂಡಿಂಗ್ ಅಂಗಡಿಗಳಲ್ಲಿ ಮೈದಾ ಅಂಟಿಗೆ ಹುಳು ಬರದಿರಲೆಂದು ಮೈಲುತುತ್ತ ಬೆರೆಸುವ ರೂಢಿಯಿದೆ. ಲೆಕ್ಕದ ಪುಸ್ತಕಕ್ಕೆ ಅದು ಆದೀತು. ಇಂಥ ಕಾಗದಕ್ಕೆ ಮಾತ್ರ ತಾಮ್ರದ ಸಂಗ ಬೇಡ, ಕಬ್ಬಿಣದ ಹಾಗೇ ಅದೂ ಕಾಗದವನ್ನು ಬೇಗ ಮುಪ್ಪಾಗಿಸುತ್ತದೆ.

ಅಳತೆ: ಶುದ್ಧ ಪಿಷ್ಟ 20 ಗ್ರಾಂ, ಶುದ್ಧೀಕರಿಸಿದ ನೀರು 100 ಮಿ.ಲೀ. ಒಂದು ಗಂಟೆ ನೆನೆಯಲಿ. ದೊಡ್ಡ ಪಾತ್ರೆಯ ಕುದಿನೀರಿನಲ್ಲಿ ಸಣ್ಣ ಪಾತ್ರೆ ಇಟ್ಟು, ಸಣ್ಣ ಉರಿಯಲ್ಲಿ, ಕೈ ಬಿಡದೆ 30ರಿಂದ 35 ನಿಮಿಷ ತಿರುವುತ್ತಿರಬೇಕು. ಮೊದಲು ಹಾಲಿನ ಬಿಳುಪು, ಆಮೇಲೆ ದಿಢೀರನೆ ಗಟ್ಟಿ, ಆಮೇಲೆ ನಿಧಾನಕ್ಕೆ ಅರೆಪಾರದರ್ಶಕ ಬೂದುಬಣ್ಣ. ಗಟ್ಟಿಯಾದ ಕೂಡಲೇ ಆಯಿತೆಂದು ಇಳಿಸುವುದೇ ಎಲ್ಲರೂ ಮಾಡುವ ತಪ್ಪು: ಒಳಗಿನ ಕಣ ಬೆಂದಿರುವುದಿಲ್ಲ, ಅಂಟು ಒಣಗಿದ ಮೇಲೆ ಪುಡಿಪುಡಿಯಾಗಿ ಬಿಡುತ್ತದೆ. ಮುಚ್ಚಿ ಆರಿಸಿ, ನುಣುಪು ಜರಡಿಯಲ್ಲಿ ಮೂರು ಸಲ ತಿಕ್ಕಿ ಇಳಿಸಿ. ನಂತರ ಮೂರು ಬಟ್ಟಲು: ತೊಗಲು, ಬಟ್ಟೆಗೆ ಇಡ್ಲಿ ಹಿಟ್ಟಿನ ಹದ, ಮಡಿಕೆಯ ಪಟ್ಟಿಗೆ ದೋಸೆ ಹಿಟ್ಟು, ಹರಿದ ಹಾಳೆಗೆ ನೀರುದೋಸೆ ಹಿಟ್ಟಿಗಿಂತ ಚೂರು ಗಟ್ಟಿ. ಫ್ರಿಜ್‌ನಲ್ಲಿ ಇಟ್ಟರೆ ಪಿಷ್ಟ ನೀರು ಬಿಟ್ಟು ಅಂಟಿನ ಗುಣ ಕಳೆದುಕೊಳ್ಳುತ್ತದೆ, ಹೊರಗಿಟ್ಟರೆ ಮೂರನೇ ದಿನ ಹುಳಿ ವಾಸನೆ. ಎರಡು ದಿನಕ್ಕೆ ಬೇಕಾದಷ್ಟೇ ಮಾಡಿಕೊಳ್ಳುವುದು ಒಳ್ಳೆಯದು.

513–514

ಗುಹೆಯ ರೂಪಕ ಶುರುವಾಗುವ ಎಲೆ. ಮುಂಬದಿ 513, ಸೆರ್ರಾನುಸನ ಪೀಠಿಕೆ. ಹಿಂಬದಿ 514, ಏಳನೇ ಭಾಗದ ಮೊದಲ ಸಾಲು. ಕೆಳಮೂಲೆ ಬೆರಳಿನ ಎಣ್ಣೆಯಿಂದ ಕಂದಾಗಿ ಮೃದುವಾಗಿದೆ, ಬಹಳ ಜನ ಇಲ್ಲಿ ನಿಂತು ಓದಿದ್ದಾರೆ. ಹರುಕು ಕೆಳ ಅಂಚಿನಿಂದ ಹೊರಟು 118 ಮಿ.ಮೀ. ಮೇಲೆ ಹೋಗಿ, ಅಂಕಣಗಳ ನಡುವಿನ ಸಂದಿ ಮುಟ್ಟಿ ನಿಂತಿದೆ. 514ರಲ್ಲಿ ಹೊಸ ಭಾಗ ಶುರುವಾಗುವುದರಿಂದ ಸಂದಿಯ ಅಕ್ಷರ ಸಿ ಯವರೆಗೆ ಮಾತ್ರ. ಆ ಸಿ ಯ ಪಕ್ಕದಲ್ಲೇ ಸೀಳು.

ತೇಪೆ ಯಾವ ಬದಿಗೆ? 513ರ ಬದಿಗೆ. ಎಷ್ಟೇ ತೆಳ್ಳಗಿನ ಟಿಶ್ಯೂ ಆದರೂ ಅಚ್ಚಿನ ಮೇಲೆ ಮಂಜಿನ ಪರದೆಯಂತೆ ಕೂರುತ್ತದೆ. ಲ್ಯಾಟಿನ್ ಅಕ್ಷರ ಅದನ್ನು ಸಹಿಸಿಕೊಳ್ಳುತ್ತದೆ, ಗ್ರೀಕಿನ ಉಸಿರು ಗುರುತುಗಳು ಸಹಿಸುವುದಿಲ್ಲ.

ಹರುಕಿನ ಅಂಚು ನೇರವಾಗಿಲ್ಲ, ಓರೆಯಾಗಿ ಪದರ ಬಿಟ್ಟಿದೆ. ಇದು ಅನುಕೂಲ: ಮೇಲಿನ ಪದರ ಯಾವುದು, ಕೆಳಗಿನದು ಯಾವುದು ಎಂದು ಭೂತಗನ್ನಡಿಯಲ್ಲಿ ನೋಡಿ ಮೊದಲಿದ್ದಂತೆ ಒಂದರ ಮೇಲೊಂದು ಕೂರಿಸಿದರೆ ಅರ್ಧ ಬಲ ಅಲ್ಲೇ ಸಿಗುತ್ತದೆ. ಪದರ ತಪ್ಪಿಸಿ ಕೂರಿಸಿದರೆ ಅಕ್ಷರದ ಸಾಲು ಅರ್ಧ ಮಿ.ಮೀ. ಜಾರುತ್ತದೆ, ಬಿಳಿ ಗೆರೆ ಕಾಣುತ್ತದೆ. ಹಾಳೆಯ ಅಡಿಗೆ ನೇಯದ ಪಾಲಿಯೆಸ್ಟರ್ ಬಟ್ಟೆ, ಅದರಡಿ ಒತ್ತುಕಾಗದ. ಮೊದಲು 000 ನಂಬರಿನ ಕುಂಚದಲ್ಲಿ ಓರೆ ಪದರಗಳ ನಡುವೆ ಮಾತ್ರ ತೆಳು ಅಂಟು ಕೊಟ್ಟು, ಒತ್ತಿ, ಐದು ನಿಮಿಷ ತೂಕ. ಆಮೇಲೆ 3.5 ಗ್ರಾಂ ಟಿಶ್ಯೂ ಪಟ್ಟಿ, 6 ಮಿ.ಮೀ. ಅಗಲ. ಪಟ್ಟಿಯನ್ನು ಕತ್ತರಿಸಬಾರದು: ಒದ್ದೆ ಕುಂಚದಲ್ಲಿ ಗೆರೆ ಎಳೆದು ಕೈಯಿಂದ ಹರಿಯಬೇಕು, ಆಗ ಅಂಚಿನಲ್ಲಿ ನಾರು ಬಿಚ್ಚಿಕೊಂಡು ಎಲ್ಲಿ ಮುಗಿಯಿತು ಎಂದೇ ಗೊತ್ತಾಗುವುದಿಲ್ಲ. ಕತ್ತರಿಸಿದ ನೇರ ಅಂಚಿದ್ದರೆ ಹಾಳೆ ಮುಂದೆ ಆ ಗೆರೆಯಲ್ಲೇ ಮುರಿಯುತ್ತದೆ. 118 ಮಿ.ಮೀ.ಗೆ ಒಂದೇ ಉದ್ದ ಪಟ್ಟಿ ಹಾಕದೆ 30 ಮಿ.ಮೀ.ಯ ನಾಲ್ಕು ತುಂಡು, ಹರುಕು ತಿರುಗಿದಲ್ಲೆಲ್ಲ ತುಂಡೂ ತಿರುಗಲಿ.

ಮೊದಲ ತುಂಡು ಕೆಟ್ಟಿತು. ಅಂಟು ತೆಳುವಾಗಿ ನೀರು ಹೆಚ್ಚಾಗಿತ್ತು. ಕೆಳ ಅಂಚಿನ ಹಳೇ ಕಲೆಯೊಳಗಿನ ಕೊಳೆ ಕರಗಿ ಒದ್ದೆಯ ಗಡಿಗೆ ಸರಿದು, ಅರ್ಧಚಂದ್ರದಂತೆ ಒಂದು ಹೊಸ ಕಂದು ಗೆರೆ ಮೂಡಲು ಶುರುವಾಯಿತು. ಗೆರೆ ಒಣಗುವ ಮೊದಲು ಕೈಗೆ ಸಿಕ್ಕರೆ ಸರಿಪಡಿಸಬಹುದು. ತುಂಡು ಎತ್ತಿ ತೆಗೆದು, ಸಮಪಾಲು ನೀರು ಮತ್ತು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿ ಹಿಂಡಿದ ಕುಂಚದಿಂದ ಗಡಿಯನ್ನು ಹೊರಕ್ಕೆ ಹರಡಿ, ಒತ್ತುಕಾಗದಕ್ಕೆ ಹೀರಿಸಿದ ಮೇಲೆ ಗೆರೆ ಮಾಸಿತು. ನಂತರದ ತುಂಡುಗಳಿಗೆ ಅಂಟನ್ನು ಟಿಶ್ಯೂಗೆ ಬಳಿದು, ಒಣ ಒತ್ತುಕಾಗದದ ಮೇಲೆ ಹತ್ತು ಸೆಕೆಂಡು ಇಟ್ಟು, ಹೊಳಪು ಹೋದ ಮೇಲೆ ಹಾಳೆಗೆ ಕೂರಿಸಿದ್ದು. ಕಲೆ ಇರುವ ಕಾಗದದಲ್ಲಿ ಇದೊಂದೇ ದಾರಿ. ತೂಕದಡಿ ಒತ್ತುಕಾಗದವನ್ನು ಎರಡು ನಿಮಿಷಕ್ಕೆ ಒಮ್ಮೆ, ಹದಿನೈದು ನಿಮಿಷಕ್ಕೆ ಇನ್ನೊಮ್ಮೆ ಬದಲಿಸಿ ರಾತ್ರಿಯಿಡೀ ಬಿಡಬೇಕು. ತೂಕ ಎಂದರೆ ಒಂದು ಕೆ.ಜಿ. ಒಳಗೆ, ಪ್ರೆಸ್ಸಿಗೆ ಹಾಕಿದರೆ ಅಚ್ಚಿನ ತಗ್ಗು ಹೋಯಿತು.

ಹುಳು ಓಣಿಯಲ್ಲಿ ಮಡಿಕೆಗೆ ತಾಗಿದ ಏಳು ತೂತು ಮಾತ್ರ ಮುಚ್ಚಿದ್ದು. ಅಂಚಿನಲ್ಲಿರುವವು ಹಾಗೇ ಇರಲಿ.

ಮಡಿಕೆ ಮತ್ತು ಬೆನ್ನು

ಸೀಳಿದ ಮಡಿಕೆಗಳು ಏಳು. ಇಲ್ಲಿ ಲೆಕ್ಕ ತಪ್ಪಿದರೆ ಪುಸ್ತಕ ಮುಚ್ಚುವುದಿಲ್ಲ. 9 ಗ್ರಾಂ ಟಿಶ್ಯೂ ಸುಮಾರು 0.04 ಮಿ.ಮೀ. ದಪ್ಪ. ಮಡಿಕೆಯ ಮೇಲೆ ಕೂತಾಗ ಎರಡು ಪಟ್ಟು, ಅಂದರೆ 0.08. ಏಳಕ್ಕೆ 0.56 ಮಿ.ಮೀ. ಬೆನ್ನು ಅಷ್ಟು ಊದಿಕೊಳ್ಳುತ್ತದೆ, ತಡೆದುಕೊಳ್ಳಬಹುದು. ಅದೇ ಜಾಗಕ್ಕೆ ಮಾಮೂಲಿ ಜೆರಾಕ್ಸ್ ಕಾಗದದ ಪಟ್ಟಿ ಹಾಕಿದ್ದರೆ 1.4 ಮಿ.ಮೀ., ಎಲ್ಲ ಒಂದೇ ಕಡೆ ಗುಡ್ಡೆಯಾಗಿ ಮುಂದಿನ ರಟ್ಟು ಬಾಯಿ ತೆರೆದೇ ನಿಲ್ಲುತ್ತಿತ್ತು. ಪಟ್ಟಿಗಳ ಅಗಲವನ್ನೂ 10, 12, 14 ಮಿ.ಮೀ. ಎಂದು ಬದಲಿಸುತ್ತ ಹೋದರೆ ಅಂಚುಗಳೆಲ್ಲ ಒಂದೇ ಗೆರೆಗೆ ಬಂದು ಮೆಟ್ಟಿಲಾಗುವುದಿಲ್ಲ. ಈ ಫಾರಂಗಳನ್ನು ಹಳೇ ತೂತುಗಳಲ್ಲೇ ನಾರಗಸೆಯ ನೂಲಿನಿಂದ ಹುರಿಗೆ ಸೇರಿಸಿ ಹೊಲಿಯಲಾಗಿದೆ. ಹೊಸ ತೂತು ಒಂದೂ ಇಲ್ಲ.

ಬಿಳಿ ಅಂಟು ನೀರಿಗೆ ಕರಗುವುದಿಲ್ಲ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ತೋಯಿಸಿದ ಹತ್ತಿಯನ್ನು ಹತ್ತು ನಿಮಿಷ ಇಟ್ಟರೆ ಊದಿ ರಬ್ಬರಿನಂತಾಗುತ್ತದೆ, ಆಗ ಬೆರಳಿನಿಂದ ಸುತ್ತಿ ಎಳೆಯಬಹುದು. ಒಂದು ಸಲಕ್ಕೆ 20 ಮಿ.ಮೀ. ಅವಸರ ಮಾಡಿದರೆ ಕಾಗದದ ಮೇಲ್ಪದರ ಅಂಟಿನ ಜೊತೆ ಬರುತ್ತದೆ. ಇಡೀ ರಿಪೇರಿಯಲ್ಲಿ ಅತಿ ಹೆಚ್ಚು ಹೊತ್ತು ತಿಂದದ್ದು ಈ 355 ಮಿ.ಮೀ. ಉದ್ದದ ಸಂದಿ.

ಬೆನ್ನಿನ ತೊಗಲಿನ ಕೆಂಪು ಪುಡಿ ಆಮ್ಲದಿಂದ ಆದ ಕೊಳೆತ. ನೀರು ತಾಗಿದರೆ ಕಪ್ಪಾಗಿ ಬಿರುಸಾಗುತ್ತದೆ, ಮತ್ತೆ ಸರಿಯಾಗುವುದಿಲ್ಲ. ಹಾಗಾಗಿ ಅಂಟು ಮುಟ್ಟಿಸುವ ಮೊದಲು 2 ಗ್ರಾಂ ಕ್ಲೂಸೆಲ್ ಜಿ (ಆಲ್ಕೊಹಾಲಿನಲ್ಲಿ ಕರಗುವ ಒಂದು ಬಗೆಯ ಸೆಲ್ಯುಲೋಸ್ ಅಂಟು) ಪುಡಿಯನ್ನು 100 ಮಿ.ಲೀ. ಐಸೊಪ್ರೊಪೈಲ್‌ಗೆ ಉದುರಿಸಿ, ಕಲಕಿ, ರಾತ್ರಿಯಿಡೀ ಬಿಟ್ಟು, ಮೆದು ಕುಂಚದಲ್ಲಿ ಎರಡು ಕೈ. ನಡುವೆ ಒಂದು ಗಂಟೆ. ಮೊದಲು ರಟ್ಟಿನ ಒಳಮಡಿಕೆಯಲ್ಲಿ ಕಾಣದ ಜಾಗದಲ್ಲಿ ಪರೀಕ್ಷೆ. ಮೂರನೇ ಕೈ ಹಾಕುವ ಆಸೆಯಾಗುತ್ತದೆ. ಹಾಕಿದರೆ ಪ್ಲಾಸ್ಟಿಕ್ ಹೊಳಪು ಬರುತ್ತದೆ.

ತೊಗಲನ್ನು ಬಳುಕುವ ಸ್ಪಾಚುಲದಿಂದ ಬೆನ್ನಿನಿಂದ ಎಬ್ಬಿಸಿ ಒಂದೇ ತುಂಡಾಗಿ ತೆಗೆದದ್ದಾಯಿತು. ಅಡಿಯಲ್ಲಿದ್ದ ಪ್ರಾಣಿಜನ್ಯ ಸರೇಸು ಗಾಜಿನಂತೆ ಒಡೆಯುತ್ತಿತ್ತು. ಅದಕ್ಕೆ ಮೀಥೈಲ್ ಸೆಲ್ಯುಲೋಸಿನ ಲೇಪ: 100 ಮಿ.ಲೀ. ನೀರಿಗೆ 4 ಗ್ರಾಂ, 3 ಮಿ.ಮೀ. ದಪ್ಪ ಮೆತ್ತಿ, ಮೇಲೆ ಪಾಲಿಯೆಸ್ಟರ್ ಹಾಳೆ ಮುಚ್ಚಿ 20 ನಿಮಿಷ. ಸರೇಸು ಬೆಲ್ಲದ ಪಾಕದಂತೆ ಮೆದುವಾದಾಗ ಎಲುಬಿನ ಪಟ್ಟಿಯಿಂದ ಹುರಿಯ ಉದ್ದಕ್ಕೆ ಅಲ್ಲ, ಫಾರಂಗಳ ಉದ್ದಕ್ಕೆ ಎಳೆದು ತೆಗೆಯಬೇಕು. ಒಂದು ಸಲಕ್ಕೆ ಎರಡು ಹುರಿಗಳ ನಡುವಿನ ಜಾಗ ಮಾತ್ರ. ಅರ್ಧ ಗಂಟೆ ದಾಟಿದರೆ ನೀರು ಫಾರಂಗಳ ನಡುವೆ ಇಳಿದು ಮಡಿಕೆಯುದ್ದಕ್ಕೂ ಹೊಸ ಕಲೆ ಕಟ್ಟುತ್ತದೆ. ನಡುನಡುವೆ ಒಂದು ಫಾರಂ ತೆರೆದು ಒಳಮಡಿಕೆಯನ್ನು ಬೆರಳಿನ ಹಿಂಬದಿಯಿಂದ ಮುಟ್ಟಿ ನೋಡುತ್ತಿರಿ, ತಣ್ಣಗೆ ಅನ್ನಿಸಿದರೆ ಲೇಪ ತಕ್ಷಣ ತೆಗೆಯಿರಿ.

ಬೆನ್ನಿಗೆ ಮೊದಲ ಪದರ ಜಪಾನಿ ಟಿಶ್ಯೂ, ಗೋಧಿ ಅಂಟಿನಲ್ಲಿ. ಮುಂದೆ ಎಂದಾದರೂ ಎಲ್ಲವನ್ನೂ ಬಿಚ್ಚಬೇಕಾದರೆ ಈ ಪದರ ಒದ್ದೆಯಾದರೆ ಸಾಕು, ಮೇಲಿನದೆಲ್ಲ ಕಳಚುತ್ತದೆ. ಅದರ ಮೇಲೆ ತೆಳು ನಾರುಬಟ್ಟೆ, ಎರಡೂ ಕಡೆ 30 ಮಿ.ಮೀ. ಹೊರಚಾಚಿ. ರಟ್ಟಿನ ತೊಗಲನ್ನು ಸಂದಿಯಿಂದ 35 ಮಿ.ಮೀ.ವರೆಗೆ ಎಬ್ಬಿಸಿ, ಆ ಬಟ್ಟೆಯನ್ನು ಒಳಗೆ ಸೇರಿಸಿ ಅಂಟಿಸಿದಾಗ ರಟ್ಟು ಮತ್ತೆ ಪುಸ್ತಕಕ್ಕೆ ಸೇರಿತು. ಬರೀ ಟಿಶ್ಯೂ ಸಂದಿ ಸಣ್ಣ ಪುಸ್ತಕಕ್ಕೆ ಸಾಕು, 4.4 ಕೆ.ಜಿ.ಗೆ ಸಾಲದು. ಭುಜದಲ್ಲಿ, ಅಂದರೆ ಬೆನ್ನು ರಟ್ಟಿಗೆ ತಾಗುವ ಅಂಚಿನಲ್ಲಿ, ತೂತು ಕೊರೆದು ನೂಲಿನಿಂದ ರಟ್ಟು ಕಟ್ಟುವ ಪದ್ಧತಿ ಇದಕ್ಕಿಂತ ಗಟ್ಟಿ, ಒಪ್ಪೋಣ. ಆದರೆ ಅದಕ್ಕೆ ಮೂಲ ಎಲೆಗಳನ್ನು ಚುಚ್ಚಬೇಕು. ಮೊದಲೇ ಹೇಳಿದ ಅಳತೆಗೋಲಿಗೆ ಅದು ಒಗ್ಗುವುದಿಲ್ಲ.

ಸಂದಿಯ ಮೇಲೆ ಕಾಣುವ ಜಾಗಕ್ಕೆ ಹೊಸ ಕರುತೊಗಲು ತರಲಿಲ್ಲ. ಗಟ್ಟಿ ಜಪಾನಿ ಕಾಗದಕ್ಕೆ ಕಂದು ಮತ್ತು ಚೂರು ಕಪ್ಪು ಅಕ್ರಿಲಿಕ್ ಬಣ್ಣ ತೆಳುವಾಗಿ ಎರಡು ಬದಿಗೂ ಬಳಿದು, ಹಳೇ ತೊಗಲಿಗಿಂತ ಒಂದು ಛಾಯೆ ತಿಳಿಯಾಗಿ ಉಳಿಸಿ ಹಾಕಿದ್ದು. ತೀರಾ ಹೊಂದಿಸಿದರೆ ನಾಳೆ ನೋಡುವವರಿಗೆ ಎಲ್ಲಿ ರಿಪೇರಿ ಆಗಿದೆ ಎಂದು ತಿಳಿಯುವುದಿಲ್ಲ. ಹಳೇ ಬೆನ್ನಿನ ತೊಗಲು ಅದರ ಮೇಲೆ ಮೊದಲಿನ ಜಾಗಕ್ಕೇ ಕೂತಿತು, ಉಬ್ಬು ಹುರಿಗಳಿಗೆ ಹೊಂದಿಕೊಳ್ಳಲು ಅಗಲ ಬಟ್ಟೆಯ ಬ್ಯಾಂಡೇಜು ಸುತ್ತಿ ಎರಡು ದಿನ.

ಪೆಟ್ಟಿಗೆ

ಆಮ್ಲವಿಲ್ಲದ 2.5 ಮಿ.ಮೀ. ಬೋರ್ಡು, ಎರಡು ತಟ್ಟೆ ಒಂದರ ಮೇಲೊಂದು ಮುಚ್ಚುವ ಮಾದರಿ. ಅಳತೆ ತೆಗೆಯುವುದು ರಿಪೇರಿ ಮುಗಿದು ಒಂದು ವಾರದ ಮೇಲೆ, ಅಷ್ಟರಲ್ಲಿ ಪುಸ್ತಕ ತನ್ನ ದಪ್ಪಕ್ಕೆ ಬಂದು ನಿಂತಿರುತ್ತದೆ. ಇದು 72ರಿಂದ 73.5ಕ್ಕೆ ಬಂತು. ಎಲ್ಲ ದಿಕ್ಕಿಗೂ 2 ಮಿ.ಮೀ. ಸಡಿಲ. ಬಿಗಿಯಾದರೆ ತೆಗೆಯುವವರು ಬೆನ್ನಿನ ತುದಿಗೆ ಬೆರಳು ಹಾಕಿ ಎಳೆಯುತ್ತಾರೆ, ತೊಗಲು ಹೋಗುವುದೇ ಹಾಗೆ. ಮಲಗಿಸಿಯೇ ಇಡಬೇಕು, ನಿಲ್ಲಿಸಿದರೆ ಇಷ್ಟು ತೂಕದ ಎಲೆಗಳು ಬೆನ್ನಿನಿಂದ ಕೆಳಕ್ಕೆ ಜಗ್ಗಿ ಹೊಸ ಸಂದಿಯನ್ನು ಮತ್ತೆ ಬಿಡಿಸುತ್ತವೆ. ತೇವಾಂಶ ಶೇ. 45–55. ಬಯಲುಸೀಮೆಯಲ್ಲಿ ಇದು ಅಷ್ಟು ಕಷ್ಟವಲ್ಲ. ಕರಾವಳಿಯಲ್ಲಿ ಮಳೆಗಾಲಕ್ಕೆ ಶೇ. 80 ದಾಟುತ್ತದೆ, ಅಲ್ಲಿ ಪೆಟ್ಟಿಗೆಯನ್ನು ಬಿಗಿ ಮುಚ್ಚಳದ ಡಬ್ಬದೊಳಗಿಟ್ಟು ಕಿತ್ತಳೆ ಬಣ್ಣದ ಸಿಲಿಕಾ ಜೆಲ್ ಹಾಕಿ, ಬಣ್ಣ ಬದಲಾದಾಗ ಬಿಸಿ ಮಾಡಿ ಮತ್ತೆ ಹಾಕುತ್ತಿರಬೇಕು.

ಓದುವಾಗ ಎರಡು ಫೋಮ್ ಇಳಿಜಾರುಗಳ ಮೇಲಿಟ್ಟು 110 ಡಿಗ್ರಿಗಿಂತ ಹೆಚ್ಚು ತೆರೆಯಬಾರದು. ಇಷ್ಟು ತೆರೆದರೆ ಅಂಕಣದ ನಡುವಿನ ಅಕ್ಷರಗಳು ಚೆನ್ನಾಗಿ ಕಾಣುತ್ತವೆ. ಆರು ತಿಂಗಳಿಗೆ ಮುಂದಿನ ಸಂದಿ, 513ರ ತೇಪೆ, ಜೆಲಟಿನ್ ಹಾಕಿದ ಎರಡು ಎಲೆ ನೋಡಬೇಕು. ಪೆಟ್ಟಿಗೆಯೊಳಗಿನ ಚೀಟಿಯಲ್ಲಿ ಮಾಡಿದ್ದರ ಪಟ್ಟಿಯ ಕೆಳಗೆ ಮಾಡದೇ ಬಿಟ್ಟದ್ದರ ಪಟ್ಟಿಯೂ ಇದೆ: ನೀರಿನ ಕಲೆ, ಅಂಚಿನ ಹುಳುತೂತು, 514ರ ಕೆಳಮೂಲೆಯ ಬೆರಳಿನ ಕಂದು.